ಮೂರು ಗಜ, ಮತ್ತೆ ಮೂರು ಗಜ: ಆರ್ಮಿ ತಂಡದ 2024ರ ಸೀಸನ್

ಅಮೆರಿಕದ ಕಾಲೇಜು ಫುಟ್ಬಾಲ್ ನೋಡಲು ಕೂತ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್ಬಾಲ್) ಪ್ರಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ಐದಾರು ಸೆಕೆಂಡು ಆಡಿ ಅರ್ಧ ನಿಮಿಷ ನಿಲ್ಲುವ ಈ ಆಟದಲ್ಲಿ ನೋಡುವುದಕ್ಕೆ ಏನಿದೆ? ತೃಕ್ಕರಿಪುರದಿಂದ ಮಂಜೇಶ್ವರದವರೆಗೆ ಯಾರು ಕೇಳಿದರೂ ನಾವು ತೋರಿಸುವುದು ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ 2024ರ ತಂಡವನ್ನು. ಅಲ್ಲಿ ಈ ತಂಡಕ್ಕೆ 'ಆರ್ಮಿ' ಎಂದೇ ಹೆಸರು. ಆ ವರ್ಷ ಆಡಿದ 14 ಪಂದ್ಯಗಳಲ್ಲಿ 12 ಗೆದ್ದಿತು. 1890ರಿಂದ ಆಡುತ್ತಿರುವ ಅಕಾಡೆಮಿ ಒಂದೇ ಸೀಸನ್‌ನಲ್ಲಿ ಇಷ್ಟು ಪಂದ್ಯ ಹಿಂದೆಂದೂ ಗೆದ್ದಿರಲಿಲ್ಲ. ಒಂದಷ್ಟು ಕಾಲೇಜುಗಳು ತಮ್ಮೊಳಗೆ ಆಡುವ ಲೀಗ್ ಆದ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಸೇರಿದ ಮೊದಲ ವರ್ಷವೇ ಅದರ ಪ್ರಶಸ್ತಿಯೂ ಸಿಕ್ಕಿತು. ಅಕಾಡೆಮಿಯ ಚರಿತ್ರೆಯಲ್ಲಿ ಅದು ಮೊದಲ ಕಾನ್ಫರೆನ್ಸ್ ಪ್ರಶಸ್ತಿ.

ಇದು ಸಣ್ಣ ಸಂಗತಿಯಲ್ಲ. ಈಗ ಬೇರೆ ಕಾಲೇಜುಗಳು ಹಣದ ಒಪ್ಪಂದ ಮುಂದಿಟ್ಟು ಪ್ರತಿ ವರ್ಷ ಬೇರೆ ಕಾಲೇಜಿನ ಆಟಗಾರರನ್ನು ಸೆಳೆದುಕೊಳ್ಳುತ್ತವೆ. ವೆಸ್ಟ್ ಪಾಯಿಂಟ್‌ನ ಕೆಡೆಟ್‌ಗೆ ಅಂಥ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. ಓದು, ಕವಾಯತು ಎರಡನ್ನೂ ಮುಗಿಸಿಯೇ ಅಭ್ಯಾಸಕ್ಕೆ ಬರಬೇಕು. ಪದವಿ ಮುಗಿದ ಮೇಲೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ಕನಿಷ್ಠ 5 ವರ್ಷ ಸೇನೆಯಲ್ಲಿ ಇರಬೇಕು. ಹಾಗಾಗಿ 140 ಕೆಜಿಯ ಲೈನ್‌ಮನ್‌ಗಳನ್ನು (ಮುಂದಿನ ಸಾಲಿನ ಆಟಗಾರರನ್ನು) ಸಾಲಾಗಿ ನಿಲ್ಲಿಸುವುದು ಈ ತಂಡದಿಂದ ಆಗದ ಮಾತು. ಇರುವ ದೇಹಬಲದಲ್ಲೇ ಗೆಲ್ಲುವ ಆಟ ಬೇಕಿತ್ತು. 2014ರಿಂದ ಮುಖ್ಯ ಕೋಚ್ ಆಗಿರುವ ಜೆಫ್ ಮಾಂಕೆನ್ ಅದನ್ನು ಕಟ್ಟಿದ್ದು ಸಾದಾ ಲೆಕ್ಕದ ಮೇಲೆ.

ಲೆಕ್ಕ ಹೀಗಿದೆ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದಕ್ಕೂ 'ಡೌನ್' ಎನ್ನುತ್ತಾರೆ. 10 ಗಜ ದಾಟಿದರೆ ಹೊಸದಾಗಿ ನಾಲ್ಕು. ಹೆಚ್ಚಿನ ತಂಡಗಳು ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತವೆ. ಅಂದರೆ ಅವರ ಪಾಲಿಗೆ ಇರುವುದು ಮೂರೇ ಅವಕಾಶ, ಪ್ರತಿ ಸಲ 3.3 ಗಜಕ್ಕಿಂತ ಹೆಚ್ಚು ಬೇಕು. ನಾಲ್ಕನೆಯದನ್ನೂ ಆಡಿಯೇ ಆಡುತ್ತೇವೆ ಎಂದು ಮೊದಲೇ ನಿರ್ಧರಿಸಿದ ತಂಡಕ್ಕೆ 2.5 ಗಜ ಸಾಕು. ಎರಡೂವರೆ ಗಜ ಎಂದರೆ ಓಡುವವನು ಮುಂದಕ್ಕೆ ಬಿದ್ದರೂ ಸಿಗುವ ದೂರ. ಆರ್ಮಿಯ ಇಡೀ ಆಟ ನಿಂತಿರುವುದು ಇದರ ಮೇಲೆ. ಇನ್ನೊಂದು ಲಾಭವೂ ಇದೆ. ಓಟದ ಆಟದಲ್ಲಿ ಆಟಗಾರ ಮೈದಾನದ ಒಳಗೇ ಬಿದ್ದರೆ ಗಡಿಯಾರ ನಿಲ್ಲುವುದಿಲ್ಲ. ಚೆಂಡು ನಮ್ಮ ಕೈಯಲ್ಲಿದ್ದಷ್ಟು ಹೊತ್ತು ಎದುರಾಳಿಯ ಒಳ್ಳೆಯ ಕ್ವಾರ್ಟರ್‌ಬ್ಯಾಕ್, ಅಂದರೆ ಆಕ್ರಮಣ ನಡೆಸುವವನು, ಬೆಂಚಿನಲ್ಲೇ ಕೂತಿರುತ್ತಾನೆ.

ಆ ಗಜಗಳನ್ನು ಹುಟ್ಟಿಸುವ ಮೂಲ ಆಟ ಟ್ರಿಪಲ್ ಆಪ್ಷನ್. ಸೆವೆನ್ಸ್‌ನಲ್ಲಿ ಇಬ್ಬರು ಫಾರ್ವರ್ಡ್‌ಗಳ ಎದುರು ಒಬ್ಬನೇ ಡಿಫೆಂಡರ್ ಸಿಕ್ಕಾಗ ಅವನು ಯಾರ ಕಡೆ ಬರುತ್ತಾನೋ ನೋಡಿ ಇನ್ನೊಬ್ಬನಿಗೆ ಪಾಸ್ ಕೊಡುತ್ತೇವಲ್ಲ, ಅದನ್ನೇ ಒಂದೇ ಆಟದಲ್ಲಿ ಎರಡು ಸಲ ಮಾಡುವುದು. ಸೆಂಟರ್, ಇಬ್ಬರು ಗಾರ್ಡ್, ಇಬ್ಬರು ಟ್ಯಾಕಲ್ ಹೀಗೆ ಐವರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಎದುರಾಳಿಯ ಇಬ್ಬರನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಸೆಂಟರ್‌ನಿಂದ ಚೆಂಡು ತೆಗೆದುಕೊಂಡು ತಿರುಗಿ, ಹಿಂದಿನಿಂದ ನೇರ ನುಗ್ಗುವ ಫುಲ್‌ಬ್ಯಾಕ್‌ನ ಹೊಟ್ಟೆಗೆ ಅದನ್ನು ಒತ್ತುತ್ತಾನೆ. ಆದರೆ ಬಿಡುವುದಿಲ್ಲ. ಕಣ್ಣು ಚೆಂಡಿನ ಮೇಲಲ್ಲ, ತಡೆಯದೆ ಬಿಟ್ಟ ಮೊದಲನೆಯವನ ಮೇಲೆ. ಅವನು ಹೊರಗೇ ನಿಂತರೆ ಚೆಂಡು ಫುಲ್‌ಬ್ಯಾಕ್‌ಗೆ. ಒಳಗೆ ನುಗ್ಗಿದರೆ ಚೆಂಡನ್ನು ಎಳೆದುಕೊಂಡು ಹೊರಬದಿಗೆ ಓಟ. ಅಲ್ಲಿ ಎರಡನೆಯವನು ಕಾಯುತ್ತಿರುತ್ತಾನೆ. ಅವನು ಕ್ವಾರ್ಟರ್‌ಬ್ಯಾಕ್ ಮೇಲೆ ಬಂದರೆ ನಾಲ್ಕೈದು ಗಜ ಆಚೆ, ತುಸು ಹಿಂದೆ ಓಡುತ್ತಿರುವ ಜೊತೆಗಾರನಿಗೆ ಪಿಚ್, ಅಂದರೆ ಚೆಂಡನ್ನು ಬದಿಗೆ ಎಸೆಯುವುದು. ಬಾರದಿದ್ದರೆ ತಾನೇ ನುಗ್ಗುವುದು. ಇದೆಲ್ಲ ಎರಡು ಮೂರು ಸೆಕೆಂಡಿನ ಕೆಲಸ. ತಡೆಯದೆ ಬಿಟ್ಟ ಇಬ್ಬರಿಗೆ ಮೀಸಲಾಗಬೇಕಿದ್ದ ಬ್ಲಾಕರ್‌ಗಳು (ತಡೆಯುವವರು) ಒಳಗಿನ ಲೈನ್‌ಬ್ಯಾಕರ್‌ಗಳ, ಅಂದರೆ ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಡಿಫೆಂಡರ್‌ಗಳ, ಮೇಲೆ ಹೋಗುವುದರಿಂದ ಸಣ್ಣ ದೇಹದ ತಂಡಕ್ಕೂ ತಲೆಲೆಕ್ಕ ಸರಿಹೋಗುತ್ತದೆ.

ಕೆಡುವ ಜಾಗ ಹಲವು. ಹೊಟ್ಟೆಗೆ ಒತ್ತಿದ ಚೆಂಡನ್ನು ಎಳೆಯುವುದು ಅರೆಕ್ಷಣ ತಡವಾದರೆ ಫುಲ್‌ಬ್ಯಾಕ್ ತೋಳು ಮುಚ್ಚಿರುತ್ತಾನೆ, ಇಬ್ಬರೂ ಹಿಡಿದ ಚೆಂಡು ನೆಲಕ್ಕೆ. ಡಿಫೆನ್ಸಿನಲ್ಲಿ ಬುದ್ಧಿವಂತರಿದ್ದರೆ ಮೊದಲನೆಯವನು ಒಳಗೆ ನುಗ್ಗಿ, ಹಿಂದಿನ ಲೈನ್‌ಬ್ಯಾಕರ್ ತಕ್ಷಣ ಹೊರಗೆ ಹಾರಿ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಆಗ ಕ್ವಾರ್ಟರ್‌ಬ್ಯಾಕ್ ಓದಿದ್ದು ಸರಿಯಾದರೂ ಫಲ ತಪ್ಪು. ಎಲ್ಲಕ್ಕಿಂತ ದುಬಾರಿ ತಪ್ಪು ಪೆನಾಲ್ಟಿ. ಲೈನ್‌ಮನ್ ಸ್ನ್ಯಾಪ್‌ಗೆ, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವುದಕ್ಕೆ, ಮೊದಲು ಅಲುಗಿದರೆ 5 ಗಜ, ಹಿಡಿದೆಳೆದರೆ 10 ಗಜ ಹಿಂದೆ. ಮೂರು ಮೂರು ಗಜದಲ್ಲಿ ಬದುಕುವ ತಂಡಕ್ಕೆ 20 ಗಜ ಬೇಕೆಂದರೆ ಪಾಸ್ ಎಸೆಯಲೇಬೇಕು, ಪಾಸ್ ಇದರ ಬಲವಲ್ಲ.

2022ರಲ್ಲಿ ನಿಯಮವೇ ಬದಲಾಯಿತು. ಸೊಂಟದ ಕೆಳಗೆ ಬಿದ್ದು ತಡೆಯುವ ಕಟ್ ಬ್ಲಾಕನ್ನು ಎರಡು ಟ್ಯಾಕಲ್‌ಗಳ ನಡುವಿನ ಪೆಟ್ಟಿಗೆಯಷ್ಟಕ್ಕೆ ಸೀಮಿತಗೊಳಿಸಿದರು. ಹೊರಬದಿಯಲ್ಲಿ ದೊಡ್ಡ ಡಿಫೆಂಡರ್‌ನ ಕಾಲಿಗೆ ಬೀಳುವಂತಿಲ್ಲ ಎಂದಾದ ಮೇಲೆ ಪಿಚ್ ಆಟ ಸೊರಗಿತು. 2023ರಲ್ಲಿ ಆರ್ಮಿ ಶಾಟ್‌ಗನ್‌ಗೆ ಹೋಯಿತು. ಅಂದರೆ ಕ್ವಾರ್ಟರ್‌ಬ್ಯಾಕ್ ಹಲವು ಗಜ ಹಿಂದೆ ನಿಂತು ಚೆಂಡು ಪಡೆಯುವುದು. ಫಲಿತಾಂಶ 6 ಗೆಲುವು, 6 ಸೋಲು. 2024ಕ್ಕೆ ಕೋಡಿ ವರ್ಲಿ ಆಕ್ರಮಣದ ಹೊಣೆ ಹೊತ್ತರು, ತಂಡ ಮತ್ತೆ ಸೆಂಟರ್‌ಗೆ ಅಂಟಿ ನಿಲ್ಲುವ ಪದ್ಧತಿಗೆ ಬಂತು. ಆದರೆ ಹಳೆಯದನ್ನೇ ಒಪ್ಪಿಸಲಿಲ್ಲ. ಒತ್ತು ಹೊರಬದಿಯಿಂದ ನಡುವಿಗೆ ಸರಿಯಿತು, ಚೆಂಡು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್ ಕೈಯಲ್ಲೇ ಉಳಿಯಿತು. ನಮ್ಮ ದೃಷ್ಟಿಯಲ್ಲಿ ಈ ಸೀಸನ್ನಿನ ಅತಿ ಜಾಣ ನಿರ್ಧಾರ ಇದೇ.

ಆ ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ. ಸುಮಾರು 100 ಕೆಜಿ ತೂಕದ, ಡಿಕ್ಕಿ ಹೊಡೆಯಲು ಹಿಂಜರಿಯದ ಆಟಗಾರ. ಓಡಿಯೇ 1,659 ಗಜ, 32 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದು). ಅವನೇ ಮುರಿಯಲಾಗದ ಕಂಬ ಎಂದುಕೊಂಡವರಿಗೆ ವಾಯುಪಡೆ ಅಕಾಡೆಮಿಯ ತಂಡ ಏರ್ ಫೋರ್ಸ್ ವಿರುದ್ಧದ ಪಂದ್ಯ ಉತ್ತರ ಕೊಟ್ಟಿತು. ಆ ದಿನ ಅವನು ಆಡಲಿಲ್ಲ, ಡ್ವೇನ್ ಕೋಲ್ಮನ್ ಇಳಿದ, ಆರ್ಮಿ 20-3ರಿಂದ ಗೆದ್ದಿತು. ಡಿಫೆನ್ಸನ್ನೂ ಮರೆಯಬಾರದು. ಮೊದಲ ಒಂಬತ್ತು ಪಂದ್ಯಗಳಲ್ಲಿ 14ಕ್ಕಿಂತ ಹೆಚ್ಚು ಅಂಕ ಗಳಿಸಿದ ಎದುರಾಳಿ ಈಸ್ಟ್ ಕ್ಯಾರೊಲಿನಾ ಮಾತ್ರ, ಅಲ್ಲಿಯೂ 45-28ರಿಂದ ಆರ್ಮಿಯೇ ಗೆದ್ದಿತು.

ಆ ಒಂಬತ್ತರ ಕೊನೆಯದು ನವೆಂಬರ್ 9ರಂದು ನಾರ್ತ್ ಟೆಕ್ಸಸ್ ವಿರುದ್ಧ. ಎದುರಾಳಿಯದು ಭಾರೀ ವೇಗದ, ಅಂಕ ಪೇರಿಸುವ ಆಕ್ರಮಣ. ದ್ವಿತೀಯಾರ್ಧದಲ್ಲಿ ಆರ್ಮಿಗೆ ಚೆಂಡು ಸಿಕ್ಕಿದ್ದು ತನ್ನದೇ 6 ಗಜದ ಗೆರೆಯಲ್ಲಿ. ಅಲ್ಲಿಂದ 21 ಆಟ, 94 ಗಜ, ಕೊನೆಗೆ ಟಚ್‌ಡೌನ್. ಗಡಿಯಾರದಲ್ಲಿ ಹೋದದ್ದು ಸುಮಾರು 14 ನಿಮಿಷ. ಪಂದ್ಯದ ಕಾಲುಭಾಗವಾದ ಒಂದು ಕ್ವಾರ್ಟರ್ ಇರುವುದೇ 15 ನಿಮಿಷ! ನಾರ್ತ್ ಟೆಕ್ಸಸ್‌ನ ಆಕ್ರಮಣದವರು ಅಷ್ಟು ಹೊತ್ತು ಬದಿಯಲ್ಲಿ ನಿಂತು ನೋಡಿದರು. ಕೊನೆಗೆ 14-3.

ಸೋಲು ಎರಡು, ಎರಡರಲ್ಲೂ ಕಲಿಯುವುದಿದೆ. ನವೆಂಬರ್ 23ರಂದು ಯಾಂಕಿ ಸ್ಟೇಡಿಯಂನಲ್ಲಿ ನೋಟರ್ ಡೇಮ್ 49-14ರಿಂದ ಸೋಲಿಸಿತು. ನಿಧಾನಕ್ಕೆ ಗಜ ಕೂಡಿಸುವ ತಂಡ ಆರಂಭದಲ್ಲೇ ಹಿಂದೆ ಬಿದ್ದರೆ ಅದೇ ಗಡಿಯಾರ ತಿರುಗಿ ಶತ್ರುವಾಗುತ್ತದೆ. ಡಿಸೆಂಬರ್ 14ರಂದು ನೌಕಾಪಡೆ ಅಕಾಡೆಮಿಯ ತಂಡ ನೇವಿ ವಿರುದ್ಧದ ಪಂದ್ಯದಲ್ಲಿ ಡೇಲಿ ಎಸೆದ ಮೂರು ಪಾಸ್ ಎದುರಾಳಿಯ ಕೈಸೇರಿದವು. ನೇವಿಯ ಬ್ಲೇಕ್ ಹೊರ್ವತ್ 204 ಗಜ ಓಡಿದ. ಸಾಲದೆಂಬಂತೆ ನೇವಿ ಚೆಂಡು ಒದೆಯುವಂತೆ ನಟಿಸಿ, ಲೈನಿನ ದಢೂತಿ ಆಟಗಾರ ಲ್ಯಾಂಡನ್ ರಾಬಿನ್ಸನ್‌ನಿಂದ 29 ಗಜ ಓಡಿಸಿತು. 31-13. ಆಪ್ಷನ್ ಆಟವನ್ನು ದಿನವೂ ಅಭ್ಯಾಸದಲ್ಲಿ ಎದುರಿಸುವ ತಂಡಕ್ಕೆ ಆರ್ಮಿಯ ಆಟದಲ್ಲಿ ಹೊಸತೇನಿರಲಿಲ್ಲ.

ಇವೆರಡರ ನಡುವೆ ಬಂದದ್ದು ಪ್ರಶಸ್ತಿಯ ಪಂದ್ಯ. ಹಡ್ಸನ್ ನದಿಯ ಮೇಲ್ದಂಡೆಯ ಮಿಚಿ ಸ್ಟೇಡಿಯಂನಲ್ಲಿ ಡಿಸೆಂಬರ್ 6ರ ರಾತ್ರಿ, ಕಾಸರಗೋಡಿನಲ್ಲಿ ಶನಿವಾರ ಬೆಳಿಗ್ಗೆ. ಟುಲೇನ್ ವಿರುದ್ಧ 35-14, ಡೇಲಿಗೆ ನಾಲ್ಕು ಟಚ್‌ಡೌನ್. ಡಿಸೆಂಬರ್ 28ರಂದು, ಸೀಸನ್ ಕೊನೆಯ ಆಹ್ವಾನ ಪಂದ್ಯವಾದ ಇಂಡಿಪೆಂಡೆನ್ಸ್ ಬೌಲ್‌ನಲ್ಲಿ ಲೂಸಿಯಾನ ಟೆಕ್ ಮೇಲೆ 27-6. ದೇಶದ ಅತ್ಯುತ್ತಮ ಆಕ್ರಮಣ ಸಾಲಿಗೆ ಕೊಡುವ ಜೋ ಮೂರ್ ಪ್ರಶಸ್ತಿಯೂ ಈ ಹಗುರ ದೇಹದ ಸಾಲಿಗೇ ಬಂತು.

ಹಳೆಯ ಪಂದ್ಯಗಳ ವಿಡಿಯೊ ಹುಡುಕಿ ನೋಡುವವರು ಟುಲೇನ್ ಪಂದ್ಯದಿಂದ ಶುರುಮಾಡಿ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಸ್ನ್ಯಾಪ್ ಆದ ಕೂಡಲೇ ಎಡ ಗಾರ್ಡ್ ಯಾವ ಕಡೆ ಕಾಲಿಟ್ಟ ಎಂದು ಮಾತ್ರ ನೋಡಿ. ಅವನು ಸಾಲು ಬಿಟ್ಟು ಬಲಕ್ಕೆ ಓಡಿದರೆ ಚೆಂಡೂ ಹೆಚ್ಚಾಗಿ ಅದೇ ದಾರಿಯಲ್ಲಿ ಬರುತ್ತದೆ. ನೇರ ಮುಂದೆ ನುಗ್ಗಿದರೆ ಆಗ ಕ್ವಾರ್ಟರ್‌ಬ್ಯಾಕ್‌ನ ಕೈ ನೋಡಿ. ಒಂದು ಕ್ವಾರ್ಟರ್ ಹೀಗೆ ನೋಡಿದ ಮೇಲೆ ಮೂರನೇ ಡೌನ್‌ಗೆ 2 ಗಜ ಬೇಕಾದಾಗ ಏನು ಬರುತ್ತದೆಂದು ನೀವೇ ಮೊದಲು ಹೇಳುತ್ತೀರಿ.