ಪಚ್ಚೆ ಮೊಟ್ಟೆ ಇಟ್ಟಳು: ಮರಳಿನ ತೊಟ್ಟಿಯ ಟಿಪ್ಪಣಿಗಳು

ಫೆಬ್ರವರಿ, ಕೊನೆಯ ವಾರ

ನಮ್ಮ ಸಾಕು ಗೋಸುಂಬೆ ಪಚ್ಚೆಯ ಮೈಮೇಲೆ ಇವತ್ತು ಹೊಸ ಬಣ್ಣ ಕಂಡಿತು. ಸದಾ ತಿಳಿಹಸಿರಾಗಿರುವ ಪಕ್ಕೆಗಳಲ್ಲಿ ಸಾಸಿವೆ ಹಳದಿಯ ಮಚ್ಚೆ, ನಡುವೆ ತಿಳಿನೀಲಿ ಚುಕ್ಕೆ. ಅವಳ ಜಾತಿಯಾದ ವೇಲ್ಡ್ ಗೋಸುಂಬೆಯ ಹೆಣ್ಣಿಗೆ ಈ ಬಣ್ಣ ಬಂದರೆ ಅದು ಗಂಡಿನ ಜೊತೆಗೆ ಸಿದ್ಧವಾಗಿದೆ ಎಂದರ್ಥ. ನಮ್ಮ ಮನೆಯಲ್ಲಿ ಗಂಡಿಲ್ಲ. ಆದರೂ ಮೊಟ್ಟೆ ತಪ್ಪುವುದಿಲ್ಲ. ಹುಂಜವಿಲ್ಲದ ಮನೆಯ ಕೋಳಿಯ ಹಾಗೆ ಇವೂ ಗೊಡ್ಡು ಮೊಟ್ಟೆ ಇಡುತ್ತವೆ. ಹೆಣ್ಣು ಗೋಸುಂಬೆಯನ್ನು ಮನೆಗೆ ತಂದವರು ಮೊಟ್ಟೆಯ ಏರ್ಪಾಡನ್ನೂ ಅದೇ ದಿನ ಮಾಡಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಐದಾರು ತಿಂಗಳ ಮರಿಯೂ ಮೊಟ್ಟೆ ಕಟ್ಟಬಹುದು.

ವೇಲ್ಡ್ ಗೋಸುಂಬೆಯ ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ನಾವಿರುವ ಟೆಕ್ಸಾಸಿನಲ್ಲಿ ಸಿಗುವ ಸಾಕು ಗೋಸುಂಬೆಗಳು ಹೆಚ್ಚಾಗಿ ಇಲ್ಲಿಯೇ ಗೂಡುಗಳಲ್ಲಿ ಹುಟ್ಟಿದಂಥವು. ಊರಿನ ಓದುಗರಿಗೆ ಒಂದು ಮಾತು: ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ ಗೋಸುಂಬೆ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಅದನ್ನು ಹಿಡಿದು ಸಾಕುವಂತಿಲ್ಲ. ಅದೂ ಗಿಡದಿಂದ ಇಳಿದು ನೆಲ ತೋಡಿಯೇ ಮೊಟ್ಟೆ ಇಡುತ್ತದೆ. ಬೇಲಿಯಂಚಿನಲ್ಲಿ ಮಣ್ಣು ಕೆದರುತ್ತಿರುವುದು ಕಂಡರೆ ದಯವಿಟ್ಟು ದೂರದಿಂದಲೇ ದಾಟಿ ಹೋಗಿ.

ಮಾರ್ಚ್, ಮೊದಲ ವಾರ

ಪಚ್ಚೆ ಮೊದಲು ಬೇರೆಯವರ ಮನೆಯಲ್ಲಿದ್ದಳು. ಅಲ್ಲಿ ಒಮ್ಮೆಗೇ ಅರವತ್ತಕ್ಕೂ ಹೆಚ್ಚು ಮೊಟ್ಟೆ ಇಟ್ಟಿದ್ದಳಂತೆ. ನಮ್ಮಲ್ಲಿಗೆ ಬಂದಾಗ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಹೀಗಾಗಿ ಈ ಸಲದ ಗುರಿ ಒಂದೇ: ಮೊಟ್ಟೆಗಳ ಸಂಖ್ಯೆ ಇಳಿಯಬೇಕು. ಪ್ರತಿ ಮೊಟ್ಟೆಗೂ ಸುಣ್ಣದ ಅಂಶ (ಕ್ಯಾಲ್ಸಿಯಂ) ಅವಳ ಮೈಯಿಂದಲೇ ಹೋಗುತ್ತದೆ. ಅದು ಕಡಿಮೆಯಾದರೆ ಮೊಟ್ಟೆಯನ್ನು ಹೊರದಬ್ಬುವ ಸ್ನಾಯುಗಳೇ ಕೆಲಸ ಮಾಡುವುದಿಲ್ಲ.

ಹೆಚ್ಚು ಮೇವು, ಹೆಚ್ಚು ಬಿಸಿ ಸಿಕ್ಕ ಹೆಣ್ಣು ಹೆಚ್ಚು ಮೊಟ್ಟೆ ಕಟ್ಟುತ್ತದೆ. ಕಳೆದ ಚಳಿಗಾಲದಿಂದ ಪಚ್ಚೆಗೆ ದಿನ ಬಿಟ್ಟು ದಿನ ನಾಲ್ಕೈದು ಹುಳ ಮಾತ್ರ. ಬಿಸಿ ದೀಪದ ಕೆಳಗಿನ ಕೊಂಬೆಯಲ್ಲಿ 27 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಂಡಿದ್ದೇನೆ. ಈ ಕಡಿತವೆಲ್ಲ ಮೊಟ್ಟೆ ಕಟ್ಟುವ ಮೊದಲೇ ಆಗಬೇಕು. ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ ಮೇಲೆ ಉಪವಾಸ ಕೆಡವಿದರೆ ಪೆಟ್ಟು ಬೀಳುವುದು ಅವಳಿಗೇ. ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಲೇಪಿಸುವುದು ಎಂದೂ ತಪ್ಪುವುದಿಲ್ಲ. ವಿಟಮಿನ್ ಡಿ3 ಮತ್ತು ಇತರ ವಿಟಮಿನ್‌ಗಳಿರುವ ಪುಡಿ ತಿಂಗಳಿಗೆ ಎರಡು ಸಲ ಸಾಕು. ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬ್‌ಲೈಟ್ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ.

ಅವಳ ಇಷ್ಟದ ತಿಂಡಿ ರೇಷ್ಮೆ ಹುಳ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿ ಬೆಳೆದವನಿಗೆ ಇಲ್ಲಿ ಪುಟ್ಟ ಡಬ್ಬಿಯಲ್ಲಿ ಎಣಿಸಿ ಕೊಡುವ ಹುಳ ಕಂಡಾಗಲೆಲ್ಲ ಊರು ನೆನಪಾಗುತ್ತದೆ.

ಮಾರ್ಚ್ ನಡುವೆ

ಪಚ್ಚೆ ಮೊಟ್ಟೆ ಇಡಲೆಂದು ಇಟ್ಟಿರುವ ತೊಟ್ಟಿಯ ಮರಳನ್ನು ಬದಲಾಯಿಸಿದೆ. ಅಗಲ ಒಂದಡಿ, ಉದ್ದ ಒಂದಡಿ, ಮರಳಿನ ಆಳವೂ ಹೆಚ್ಚುಕಡಿಮೆ ಒಂದಡಿ. ಮಕ್ಕಳ ಆಟಕ್ಕೆಂದು ಮಾರುವ ನಯವಾದ ಮರಳನ್ನು ತೊಳೆದು ತುಂಬಿದ್ದೇನೆ. ಹದ ತಿಳಿಯಲು ಎರಡು ಬೆರಳಿನಿಂದ ಸುರಂಗ ತೋಡಿ ನೋಡಬೇಕು. ಗೋಡೆ ಕುಸಿದರೆ ನೀರು ಸಾಲದು, ತಳದಲ್ಲಿ ನೀರು ನಿಂತರೆ ಹೆಚ್ಚಾಯಿತು. ಗೂಡಿನ ನೆಲದಲ್ಲಿ, ದಾಸವಾಳದ ಕುಂಡದ ಪಕ್ಕದಲ್ಲಿ ಇಟ್ಟಿದ್ದೇನೆ. ದಾಸವಾಳದ ಎಲೆ, ಹೂವು ಎರಡನ್ನೂ ಪಚ್ಚೆ ತಿನ್ನುತ್ತಾಳೆ.

ಮಾರ್ಚ್, ಕೊನೆಯ ವಾರ

ಹೊಟ್ಟೆಯ ಎರಡೂ ಬದಿ ಉಬ್ಬಿದೆ. ಅವಳು ಕೊಂಬೆಯ ಮೇಲೆ ಚಾಚಿಕೊಂಡಾಗ ಚರ್ಮದಡಿಯಲ್ಲಿ ಗುಂಡುಗುಂಡಾದ ಉಬ್ಬುಗಳು ಕಾಣುತ್ತವೆ. ಮೇವು ಬಿಟ್ಟಿದ್ದಾಳೆ, ನೀರು ಮಾತ್ರ ಕುಡಿಯುತ್ತಾಳೆ. ನೆಲಕ್ಕೇ ಇಳಿಯದವಳು ಬೆಳಗಿನಿಂದ ಗೂಡಿನ ಮೂಲೆ ಮೂಲೆ ತಡಕುತ್ತಿದ್ದಾಳೆ. ಗೂಡಿನ ಮೂರು ಬದಿಗೆ ಹಳೆಯ ಪಂಚೆ ಕಟ್ಟಿ, ಒಳಗೊಂದು ಸಣ್ಣ ಕ್ಯಾಮೆರಾ ಇಟ್ಟು, ನಾವೆಲ್ಲ ಆ ಕೋಣೆಯಿಂದ ಹೊರಬಂದೆವು. ತೋಡುವಾಗ ಯಾರಾದರೂ ಕಂಡರೆ ಹೆಣ್ಣು ಕೆಲಸ ಬಿಟ್ಟು ಮೇಲೇರುತ್ತದೆ. ಮತ್ತೆ ಮತ್ತೆ ಹಾಗಾದರೆ ಮೊಟ್ಟೆ ಒಳಗೇ ಉಳಿಯುವ ಅಪಾಯವಿದೆ.

ಮೊಬೈಲ್ ಪರದೆಯಲ್ಲಿ ಕಂಡದ್ದನ್ನು ಬರೆಯುತ್ತೇನೆ. ಕೊಂಬೆ ಹಿಡಿಯಲೆಂದು ಎರಡು ಕವಲಾಗಿರುವ ಮುಂಗಾಲುಗಳಿಂದ ಮರಳು ಕೆರೆಯುತ್ತಾಳೆ, ರಾಶಿಯಾದದ್ದನ್ನು ಹಿಂಗಾಲಿನಿಂದ ಒದ್ದು ಹೊರಹಾಕುತ್ತಾಳೆ. ಮೊದಲ ಸುರಂಗ ತೊಟ್ಟಿಯ ಗೋಡೆಗೆ ತಗುಲಿತು, ಅದನ್ನು ಬಿಟ್ಟಳು. ಎರಡನೆಯದರಲ್ಲಿ ಬಾಲದ ತುದಿಯೊಂದು ಬಿಟ್ಟರೆ ಇಡೀ ಮೈ ಒಳಗೆ ಹೋಯಿತು. ದೀಪ ಆರಿದ ಮೇಲೆ ರಾತ್ರಿ ಅಲ್ಲಿಯೇ ಮಲಗಿದಳು. ಮರುದಿನ ಮಧ್ಯಾಹ್ನ ನೋಡಿದರೆ ತಿರುಗಿ ಕೂತಿದ್ದಾಳೆ, ತಲೆ ಹೊರಗೆ, ಬುರುಜಿನಂಥ ಕಣ್ಣಿನ ರೆಪ್ಪೆಗಳ ಮೇಲೆಲ್ಲ ಮರಳು. ಸಂಜೆಯ ಹೊತ್ತಿಗೆ ಸುರಂಗವನ್ನು ಮುಚ್ಚಿ, ಮೇಲೆ ಓಡಾಡಿ, ಕಾಲಿನಿಂದ ಒತ್ತಿ ಗಟ್ಟಿ ಮಾಡುತ್ತಿದ್ದಳು. ಆಗ ಬಂದ ನೆಮ್ಮದಿ ಸಣ್ಣದಲ್ಲ.

ಏಕೆಂದರೆ ಎಲ್ಲ ಹೆಣ್ಣುಗಳಿಗೂ ಇದು ಸುಗಮವಾಗಿ ಮುಗಿಯುವುದಿಲ್ಲ. ಹಗಲಲ್ಲೇ ಕಣ್ಣು ಮುಚ್ಚಿ ಕೂರುವುದು, ನೆಲದ ಮೇಲೆ ಬಿದ್ದುಕೊಂಡಿರುವುದು, ಕೊಂಬೆ ಹಿಡಿಯಲಾಗದಿರುವುದು, ಸುರಂಗದ ಮೇಲೆ ಸುರಂಗ ತೋಡಿಯೂ ಮೊಟ್ಟೆ ಇಡದಿರುವುದು, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನಬೇಡಿ. ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಅಂದೇ ಹೋಗಬೇಕು. ಎಕ್ಸ್‌ರೇಯಲ್ಲಿ ಚಿಪ್ಪುಗಟ್ಟಿದ ಮೊಟ್ಟೆಗಳು ಕಾಣುತ್ತವೆ. ಕ್ಯಾಲ್ಸಿಯಂ ಮತ್ತು ಮೊಟ್ಟೆ ಹೊರದಬ್ಬಲು ನೆರವಾಗುವ ಆಕ್ಸಿಟೋಸಿನ್ ಹಾರ್ಮೋನಿನ ಚುಚ್ಚುಮದ್ದಿನಿಂದ ಕೆಲವು ಹೆಣ್ಣುಗಳು ಚೇತರಿಸಿಕೊಳ್ಳುತ್ತವೆ, ಕೆಲವಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮನೆಯಲ್ಲಿ ಹೊಟ್ಟೆ ಒತ್ತಿ ಮೊಟ್ಟೆ ತೆಗೆಯುವ ಸಾಹಸವನ್ನಂತೂ ಯಾರೂ ಮಾಡಬಾರದು.

ಏಪ್ರಿಲ್, ಮೊದಲ ವಾರ

ಅವಳು ತಾನಾಗಿಯೇ ಮೇಲೇರಿ ಕೊಂಬೆ ಹಿಡಿದ ಮೇಲೆ ತೊಟ್ಟಿಯನ್ನು ಅಗೆದೆ. ತಳದ ಮೂಲೆಯಲ್ಲಿ ಒತ್ತಾಗಿ 24 ಮೊಟ್ಟೆಗಳು: ಬಿಳಿ, ತೊಗಲಿನಂತೆ ಮೆತ್ತನೆಯ ಚಿಪ್ಪು, ಒಂದೂವರೆ ಸೆಂಟಿಮೀಟರಿನಷ್ಟು ಉದ್ದ. ಪಚ್ಚೆಯ ತೂಕ 124 ಗ್ರಾಂನಿಂದ 93ಕ್ಕೆ ಇಳಿದಿದೆ. ಸೊಂಟದ ಮೂಳೆ ಈ ಸಲ ಎದ್ದು ಕಾಣುತ್ತಿಲ್ಲ. ನಮ್ಮ ಬಳಿಗೆ ಬಂದ ಮೇಲೆ ಅವಳು ಗಂಡನ್ನು ಕಂಡಿಲ್ಲ. ಆದರೂ ಹೆಣ್ಣುಗಳು ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ಒಳಗೆ ಉಳಿಸಿಕೊಂಡು ಮುಂದಿನ ಸರದಿಗೂ ಬಳಸಬಲ್ಲವು. ಪಚ್ಚೆ ಮೊದಲಿನಿಂದಲೂ ಒಂಟಿಯಾಗಿಯೇ ಬೆಳೆದವಳು ಎಂದು ಹಿಂದಿನ ಮನೆಯವರು ತಿಳಿಸಿದ್ದರಿಂದ ಇವು ಗೊಡ್ಡು ಎಂದೇ ತೀರ್ಮಾನಿಸಿ ಫ್ರೀಜರಿನಲ್ಲಿಟ್ಟು ಆಮೇಲೆ ವಿಲೇವಾರಿ ಮಾಡಿದೆ. ಫಲವತ್ತಾದ ಮೊಟ್ಟೆಗಳಾಗಿದ್ದರೆ 26ರಿಂದ 28 ಡಿಗ್ರಿಯಲ್ಲಿ ಆರರಿಂದ ಒಂಬತ್ತು ತಿಂಗಳು ಕಾಯಬೇಕಾಗುತ್ತಿತ್ತು.

ಮೊದಲ ದಿನ ಅವಳಿಗೆ ಬೇಕಾದದ್ದು ನೀರು. ತುಂತುರು ಯಂತ್ರವನ್ನು ಹೆಚ್ಚು ಹೊತ್ತು ಓಡಿಸಿದೆ, ಎಲೆಗಳ ಮೇಲಿನ ಹನಿಗಳನ್ನು ಬಿಡದೆ ನೆಕ್ಕಿದಳು. ಈಗ ಕೆಲವು ದಿನ ಹೊಟ್ಟೆ ತುಂಬ ಮೇವು, ಕ್ಯಾಲ್ಸಿಯಂ ಲೇಪಿಸಿದ ರೇಷ್ಮೆ ಹುಳ, ದುಬಿಯಾ ಜಿರಳೆ. ತೂಕ ಕೂಡಿಕೊಂಡ ಮೇಲೆ ದಿನ ಬಿಟ್ಟು ದಿನದ ಕ್ರಮಕ್ಕೆ ಮರಳುತ್ತೇವೆ. ಮುಂದಿನ ಸರದಿ ಮೂರ್ನಾಲ್ಕು ತಿಂಗಳಲ್ಲೇ ಬರಬಹುದು. ತೊಟ್ಟಿಗೆ ಹೊಸ ಮರಳು ತುಂಬಿ ಗೂಡಿನಲ್ಲೇ ಇಟ್ಟಿದ್ದೇನೆ. ವಾರಕ್ಕೊಮ್ಮೆ ತೂಕ ಬರೆದಿಡುತ್ತಿದ್ದೇನೆ.