ಕಲ್ಚರ್‌ನಲ್ಲಿ ಬೆಳೆಯದ ಗುಳ್ಳೆಗಳು

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ನನ್ನ ಕೆಲಸ. ರಿಪೋರ್ಟ್ ಕೊಡುವ ಕಿಟಕಿಯಲ್ಲಿ ಎಷ್ಟೋ ಮನೆಯವರು ಕೇಳುವ ಪ್ರಶ್ನೆಯನ್ನು ಕಳೆದ ಮಳೆಗಾಲದಲ್ಲಿ ಬ್ಯಾಡಗಿಯ ನಮ್ಮ ಕಾಕಾನೇ ಕೇಳಿದರು. ಚಿಗವ್ವನಿಗೆ ಮೂತ್ರದ ಸೋಂಕು ರಕ್ತಕ್ಕೇರಿ ಐಸಿಯು ಸೇರಿದ್ದಳು. ಮೊದಲ ಬ್ಲಡ್ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿರುವ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು, ಅದನ್ನು ಬೆಳೆಸುವ ಮೆಕಾಂಕಿ ಪ್ಲೇಟಿನ ತುಂಬ ಗುಲಾಬಿ ಕಾಲೊನಿ. ಆ್ಯಂಟಿಬಯಾಟಿಕ್ ಶುರುವಾದ ಮೇಲೆ ಕಳಿಸಿದ ರಕ್ತದಲ್ಲಿ ‘ನೋ ಗ್ರೋತ್’, ಅಂದರೆ ಏನೂ ಬೆಳೆದಿಲ್ಲ.

“ಯವ್ವಾ, ಏನೂ ಬೆಳದಿಲ್ಲ ಅಂದ್ರ ಕ್ರಿಮಿ ಸತ್ತಾವಲ್ಲ? ಮತ್ತ ಬಿಪಿ ಯಾಕ ಏಳವಲ್ದು? ಕೈಕಾಲು ಯಾಕ ಬಾತಾವು? ಇಲ್ಲಾಂದ್ರ ಮನಿಗೆ ಕರ್ಕೊಂಡ ಹೋಗಲೇನು?”

ಕೊನೆಯ ಮಾತಿಗೇ ನನ್ನ ಎದೆ ಧಸಕ್ಕೆಂದಿತು. ಆ ರಿಪೋರ್ಟ್ ಹಿಡಿದುಕೊಂಡು ರೋಗಿಯನ್ನು ಬಿಡಿಸಿಕೊಂಡು ಹೋದವರನ್ನು ನೋಡಿದ್ದೇನೆ.

ಬಿಪಿ ಏಳದಿರಲು ಕಾರಣ ಹಲವು. ಎಲ್ಲೋ ಕೀವು ಉಳಿದಿರಬಹುದು, ಔಷಧ ಬಿದ್ದ ರಕ್ತದಲ್ಲಿ ಬ್ಯಾಕ್ಟೀರಿಯಾ ಬದುಕಿದ್ದೂ ಬೆಳೆಯದೇ ಇರಬಹುದು. ಅವನ್ನೆಲ್ಲ ಡಾಕ್ಟರು ಹುಡುಕುತ್ತಾರೆ. ನಮ್ಮ ಪ್ಲೇಟಿನ ಮೇಲೆ ಎಂದೂ ಕಾಣದ ಒಂದು ಕಾರಣವನ್ನಷ್ಟೇ ಕಾಕಾಗೆ ಕೂಡಿಸಿಕೊಂಡು ಹೇಳಿದೆ.

ಇ. ಕೋಲೈನಂಥ ಗ್ರಾಂ ನೆಗೆಟಿವ್ (ಹೊರಗೆ ಇನ್ನೊಂದು ಪೊರೆಯಿರುವ ಗುಂಪಿನ) ಬ್ಯಾಕ್ಟೀರಿಯಾ ತನ್ನ ಹೊರಪೊರೆಯಿಂದ ಸಣ್ಣ ಗುಳ್ಳೆಗಳನ್ನು ಉದುರಿಸುತ್ತಲೇ ಇರುತ್ತದೆ. ಅಳತೆ ಸುಮಾರು 20ರಿಂದ 250 ನ್ಯಾನೋಮೀಟರ್. ಬ್ಯಾಕ್ಟೀರಿಯಾದ ಉದ್ದವೇ ಎರಡು ಮೈಕ್ರೋಮೀಟರಿನ ಆಸುಪಾಸು, ಹಾಗಾಗಿ ನಮ್ಮ ಸಾಮಾನ್ಯ ಮೈಕ್ರೋಸ್ಕೋಪಿಗೆ ಈ ಗುಳ್ಳೆಗಳು ಸಿಗುವುದಿಲ್ಲ. ಕೋಲ್ಕತ್ತದ ಎಸ್. ಎನ್. ಚಟರ್ಜಿ ಮತ್ತು ಜೆ. ದಾಸ್ 1967ರಲ್ಲೇ ಕಾಲರಾ ಬ್ಯಾಕ್ಟೀರಿಯಾ ಇವನ್ನು ಹೊರಹಾಕುವುದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡು ಬರೆದರು. ನಮ್ಮ ದೇಶದ ಈ ಕೆಲಸವನ್ನು ಪಾಠದಲ್ಲಿ ಯಾರೂ ಹೇಳಿಕೊಡಲಿಲ್ಲವೆಂಬ ಬೇಸರ ನನಗಿದೆ.

ಗುಳ್ಳೆಗೆ ಜೀವವಿಲ್ಲ, ಅದು ಮರಿ ಹಾಕುವುದಿಲ್ಲ. ಆದರೆ ಅದರ ಮೈಮೇಲೆ ಎಂಡೋಟಾಕ್ಸಿನ್ ಇದೆ, ಬ್ಯಾಕ್ಟೀರಿಯಾದ ಹೊರಪೊರೆಯದೇ ವಿಷ. ರಕ್ತನಾಳದ ಒಳಗೋಡೆಗೆ ಒಂದೇ ಪದರವಾಗಿ ಹಾಸಿಕೊಂಡಿರುವ ಎಂಡೋಥೀಲಿಯಲ್ ಕೋಶಗಳು ಈ ಎಂಡೋಟಾಕ್ಸಿನ್ನನ್ನು ಟಿಎಲ್ಆರ್-4 ಎಂಬ ಪ್ರೋಟೀನಿನಿಂದ ಗುರುತಿಸುತ್ತವೆ. ಕೂಡಲೇ ಕೋಶದೊಳಗೆ ಎನ್ಎಫ್-ಕಪ್ಪಾ-ಬಿ ಎಂಬ, ಜೀನುಗಳನ್ನು ಎಬ್ಬಿಸುವ ಪ್ರೋಟೀನು ಎಚ್ಚರಗೊಂಡು ನ್ಯೂಕ್ಲಿಯಸ್ಸಿಗೆ ಹೋಗುತ್ತದೆ, ಮಲಗಿದ್ದ ಜೀನುಗಳು ಏಳುತ್ತವೆ. ಕೆಲವೇ ತಾಸಿನಲ್ಲಿ ಕೋಶದ ಮೇಲೆ ಇ-ಸೆಲೆಕ್ಟಿನ್, ಐಕ್ಯಾಮ್-1 ಎಂಬ ಅಂಟು ಪ್ರೋಟೀನುಗಳು ಮೂಡುತ್ತವೆ. ಐಎಲ್-6, ಐಎಲ್-8 ಎಂಬ ಉರಿಯೂತದ ಸಂದೇಶ ಪ್ರೋಟೀನುಗಳು ರಕ್ತಕ್ಕೆ ಸುರಿಯುತ್ತವೆ. ನುಣ್ಣಗಿದ್ದ ಗೋಡೆಗೆ ಈಗ ಬಿಳಿ ರಕ್ತಕಣಗಳು ಸಿಕ್ಕಿಕೊಳ್ಳುತ್ತವೆ, ಬದುವಿನ ಮೇಲೆ ನಡೆದವರ ಧೋತರಕ್ಕೆ ಉತ್ತರಾಣಿ ಹತ್ತಿದ ಹಾಗೆ. ಸೋಂಕು ಒಂದೇ ಕಡೆ ಇದ್ದರೆ ಇದು ಉಪಕಾರ. ಮೈಯೆಲ್ಲ ಹರಿದಾಡುವ ಗುಳ್ಳೆಯಿಂದ ಎಲ್ಲ ಕಡೆಗೂ ಒಟ್ಟಿಗೇ ನಡೆದರೆ ಕೋಶಗಳ ನಡುವಿನ ಬಿಗಿತ ಸಡಿಲವಾಗಿ ನೀರು ಹೊರಗೆ ಜಿನುಗುತ್ತದೆ. ನಾಳಗಳೂ ಸಡಿಲುತ್ತವೆ. ಬಾವು ಬರುವುದು, ಬಿಪಿ ಬೀಳುವುದು ಹೀಗೆ.

ಇನ್ನೂ ಒಂದು ದಾರಿಯಿದೆ. ಕೋಶವೇ ಗುಳ್ಳೆಯನ್ನು ನುಂಗಿದಾಗ ಎಂಡೋಟಾಕ್ಸಿನ್ ಒಳಗೇ ಬಿಡುಗಡೆಯಾಗುತ್ತದೆ. ಮನುಷ್ಯರಲ್ಲಿ ಕ್ಯಾಸ್ಪೇಸ್-4 ಎಂಬ ಕಿಣ್ವ ಅದನ್ನು ಹಿಡಿದು, ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನನ್ನು ತುಂಡರಿಸುತ್ತದೆ. ಆ ತುಂಡುಗಳು ಕೋಶದ ಪೊರೆಗೆ ತೂತು ಕೊರೆಯುತ್ತವೆ, ಕೋಶ ಒಡೆಯುತ್ತದೆ.

ಕಾಕಾ ಅಷ್ಟೂ ಕೇಳಿ, “ಹಂಗಾರ ಆ ಗುಳ್ಳಿಗೇ ಔಷಧ ಕೊಡಾಕ ಬರೂದಿಲ್ಲೇನು?” ಎಂದರು.

ಎಂಥ ಒಳ್ಳೆಯ ಪ್ರಶ್ನೆ! ಟಿಎಲ್ಆರ್-4 ತಡೆಯುವ ಎರಿಟೊರಾನ್ ಎಂಬ ಔಷಧವನ್ನು ತೀವ್ರ ಸೆಪ್ಸಿಸ್ (ಸೋಂಕಿಗೆ ದೇಹವೇ ಮಿತಿಮೀರಿ ಪ್ರತಿಕ್ರಿಯಿಸಿ ಅಂಗಗಳು ಕೆಡುವ ಸ್ಥಿತಿ) ಇದ್ದ ಸುಮಾರು 2000 ರೋಗಿಗಳ ಪರೀಕ್ಷೆಯಲ್ಲಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು: ಸಾವು ಕಡಿಮೆಯಾಗಲಿಲ್ಲ. ಒಂದೇ ದಾರಿ ಕಟ್ಟಿದರೆ ಸಾಲದು, ಅದೂ ಬೆಂಕಿ ಹತ್ತಿದ ಮೇಲೆ ಕಟ್ಟಿದರೆ ತಡವಾಯಿತು ಎಂದು ನನಗನ್ನಿಸುತ್ತದೆ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಂದು ಹೊಸ ಗುಳ್ಳೆ ಬಾರದಂತೆ ಮಾಡುತ್ತದೆ, ಅದಿಲ್ಲದೆ ಏನೂ ನಡೆಯದು. ಈಗಾಗಲೇ ರಕ್ತದಲ್ಲಿರುವುದನ್ನು ದೇಹವೇ, ಮುಖ್ಯವಾಗಿ ಲಿವರ್, ತೆಗೆಯಬೇಕು. ಅಲ್ಲಿಯತನಕ ಸಲೈನ್, ಬಿಪಿ ಏರಿಸುವ ನೋರಾಡ್ರಿನಲಿನ್, ಆಮ್ಲಜನಕ ಕೊಟ್ಟು ಜೀವ ಹಿಡಿದಿಡುವುದು ಐಸಿಯು ಕೆಲಸ.

ಕಾಕಾ ಬಿಡಿಸಿಕೊಂಡು ಹೋಗುವ ಮಾತು ಮತ್ತೆ ಆಡಲಿಲ್ಲ. ಮೂತ್ರನಾಳದಲ್ಲಿ ಹರಳು ಸಿಕ್ಕಿಕೊಂಡಿತ್ತು, ಮೂತ್ರ ಹರಿಯಲು ಅಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ ಮೇಲೆ ಚಿಗವ್ವನ ಬಿಪಿ ತಾನಾಗಿ ನಿಲ್ಲತೊಡಗಿತು. ಕಾಲಿನ ಬಾವು ಮಾತ್ರ ಅವಳು ಬ್ಯಾಡಗಿಗೆ ಹೋದ ಮೇಲೂ ಕೆಲವು ದಿನ ಇತ್ತು.