ಲ್ಯೂಸಿನ್‌ಗೆ ಆರು, ನಮ್ಮವ್ವಗ ನಾಕು

ನಿನ್ನೆ ವಿಜಯಪುರದಾಗ ಮಳಿ ಗಾಳಿಗೆ ಕರೆಂಟ್ ಹೋತು. ಮೊಬೈಲ್ ಬೆಳಕಿನಾಗ ಮಗಳು ಪಿಯುಸಿ ಬಯಾಲಜಿ ಪುಸ್ತಕ ಹಿಡಕೊಂಡು ಕೋಡಾನ್ ಕೋಷ್ಟಕ ಬಾಯಿಪಾಠ ಮಾಡಾಕತ್ತಿದ್ಲು. ಕೋಡಾನ್ ಅಂದ್ರ ಜೀವಕೋಶದ ಆರ್‌ಎನ್‌ಎ ಸಂದೇಶದಾಗ ಎ, ಯು, ಜಿ, ಸಿ ಅನ್ನೋ ಅಕ್ಷರಗಳ ಮೂರರ ಗುಂಪು; ಪ್ರೋಟೀನ್ ಕಟ್ಟಾಕ ಯಾವ ಅಮೈನೊ ಆಮ್ಲ ಜೋಡಿಸಬೇಕು ಅಂತ ಹೇಳೂದು ಅದ.

"ಅಪ್ಪಾ, ಅಕ್ಷರ ನಾಕ ಅದಾವ, ಮೂರರ ಗುಂಪು ಮಾಡಿದ್ರ 64. ಅಮೈನೊ ಆಮ್ಲ ನೋಡಿದ್ರ ಬರೇ 20. ಇಷ್ಟ್ಯಾಕ ಬೇಕಿತ್ತು?"

ಎರಡರ ಗುಂಪು ಮಾಡಿದ್ರ 16 ಅಷ್ಟ, ಸಾಲೂದಿಲ್ಲ; ಮೂರು ಮಾಡಿದ್ರ ಉಳೀತಾವ. ಹಂಗಾಗಿ ಲ್ಯೂಸಿನ್ ಅನ್ನೋ ಅಮೈನೊ ಆಮ್ಲಕ್ಕ ಆರು ಕೋಡಾನ್. ಟ್ರಿಪ್ಟೊಫ್ಯಾನ್‌ಗೆ ಪಾಪ, ಯುಜಿಜಿ ಒಂದ. ಮೂರು ಕೋಡಾನ್ ಅಂತೂ 'ಇಲ್ಲಿಗೆ ನಿಲ್ಸು' ಅನ್ನಾಕಷ್ಟ.

ಒಳಗ ನಮ್ಮವ್ವ ರೊಟ್ಟಿ ಬಡಿಯಾಕತ್ತಿದ್ಲು. ನಾ ಅವ್ವ ಅಂತೀನಿ, ಮಗಳು ಆಯಿ, ಹೆಂಡತಿ ಅತ್ತಿ, ಬಾಜೂ ಮನಿಯವ್ರು ವೈನಿ. ಯಾರು ಹೆಂಗ ಕರದ್ರೂ ಹಿಟ್ಟಿನ ಕೈ ಝಾಡಿಸಿಕೋತ ಹೊರಗ ಬರಾಕಿ ಒಬ್ಬಾಕಿನ. ಇದನ್ನ ಹೇಳಿದ್ರ ಮಗಳು ನಕ್ಕು, "ಮತ್ತ ಒಂದಕ್ಷರ ತಪ್ಪಿದ್ರ?" ಅಂದ್ಲು.

ಜಿಎಜಿ ಹೋಗಿ ಜಿಎಎ ಆದ್ರ ಚಿಂತಿಲ್ಲ, ಎರಡೂ ಗ್ಲುಟಾಮಿಕ್ ಆಮ್ಲನ. ನಡುವಿನ ಅಕ್ಷರ ತಪ್ಪಿ ಜಿಯುಜಿ ಆತೋ, ವ್ಯಾಲಿನ್ ಬಂದು ಕುಂದರ್ತದ. ರಕ್ತದಾಗಿನ ಹಿಮೋಗ್ಲೋಬಿನ್ ಪ್ರೋಟೀನ್‌ನಾಗ ಈ ಒಂದ ತಪ್ಪಿನಿಂದ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ. ಒಂದಕ್ಷರಕ್ಕ!

ಈ ಗುಟ್ಟು ಬಿಡಿಸಿದ್ದಕ್ಕ 1968ರಾಗ ನೊಬೆಲ್ ಪಡೆದ ಮೂವರೊಳಗ ಹರಗೋಬಿಂದ್ ಖೊರಾನಾ ಒಬ್ಬರು. ಪಂಜಾಬಿನ ಅವರ ಹಳ್ಳಿಯಾಗ ಓದು ಬರಹ ಬರ್ತಿದ್ದದ್ದು ಹೆಚ್ಚೂಕಡಿಮಿ ಅವರ ಮನಿಗಷ್ಟ ಅಂತ. ಅದನ್ನ ಹೇಳಾಕ ಬಾಯಿ ತೆಗದೆ, ಕರೆಂಟ್ ಬಂತು. ಮಗಳು ಟಿವಿ ರಿಮೋಟ್ ಹುಡುಕಾಕ ಹೋದ್ಲು.